ನೀರು ತಗೊಳ್ಳದ ಮಿಷಿನ್ನು

ಕಾಕಾ ನಡೆದು ಹೋಗುವಾಗಲೂ ತಿರುವಿನಲ್ಲಿ ಕೈ ಮಾಡುತ್ತಿದ್ದರು. ನಮ್ಮ ಓಣಿಯಿಂದ ಚಿಕ್ಕೋಡಿಯ ಬಸ್‌ಸ್ಟ್ಯಾಂಡ್ ರಸ್ತೆಗೆ ಹೊರಳುವ ಮೂಲೆಯಲ್ಲಿ ಬಲಗೈ ಹೊರಗೆ ಚಾಚಿ, ಹಿಂದೆ ಯಾರೂ ಇಲ್ಲದಿದ್ದರೂ ಒಮ್ಮೆ ಹೊರಳಿ ನೋಡಿ, ಆಮೇಲೆಯೇ ತಿರುಗುತ್ತಿದ್ದರು. ಮೊದಮೊದಲು ನನಗೆ ನಗು ತಡೆಯಲು ಆಗುತ್ತಿರಲಿಲ್ಲ. "ಕಾಕಾ, ಈಗ ಕೈಯಾಗ ಸ್ಟೇರಿಂಗ್ ಇಲ್ಲರಿ" ಅಂದರೆ, "ಸ್ಟೇರಿಂಗ್ ಇಲ್ಲ ಖರೆ, ಬಾಯಾರ. ರಸ್ತೆ ಐತಲ್ಲ?" ಎನ್ನುತ್ತಿದ್ದರು. ನಾನು ಕಬ್ಬೂರಿನ ಶಾಲೆಯಲ್ಲಿ ಕಲಿಸುವವಳು. ಅದಕ್ಕೇ ಅವರ ಬಾಯಲ್ಲಿ ಯಾವಾಗಲೂ ಬಾಯಾರ, ಹೆಸರು ಹಿಡಿದು ಕರೆದದ್ದೇ ಇಲ್ಲ. ನನಗೆ ಅವರು ಕಾಕಾ, ಅವರ ಹೆಂಡತಿ ಕಾಕೂ. ನೆಂಟಸ್ತಿಕೆ ಏನಿಲ್ಲ, ಗೋಡೆಗೆ ಗೋಡೆ ಹತ್ತಿದ ಮನೆ.

ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರ ಬಗ್ಗೆ ಬರೆಯೋಣ ಎಂದು ಕೂತರೆ ಮೊದಲು ಕಣ್ಣೆದುರು ಬರುವುದು ಅವರು ಆಯುಷ್ಯವಿಡೀ ಓಡಿಸಿದ ಬಸ್ಸಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ಪಾತ್ರೆ-ಭಾಂಡೆ ತೊಳೆಯುವ ಮಿಷಿನ್ನು, ಅದರ ಮುಂದೆ ನಟ್ಟು ಬಿಚ್ಚುವ ಪಾನಾ ಹಿಡಿದು ನೆಲದ ಮೇಲೆ ಕೂತ ಕಾಕಾ. ನೀರು ಸಾಲುತ್ತಿಲ್ಲ ಎಂದು ಆ ಮಿಷಿನ್ನು ದಿನವೂ ತಗಾದೆ ತೆಗೆಯುತ್ತಿತ್ತು. ಅದಕ್ಕೆ ಏನೂ ಆಗಿರಲಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. ಈ ಕತೆ ಕೇಳಿದವರು ನಗುತ್ತಾರೆ. ನಾನೂ ಒಂದು ಕಾಲಕ್ಕೆ ನಕ್ಕಿದ್ದೇನೆ, ಈಗ ಮಾತ್ರ ಆಗುವುದಿಲ್ಲ.

ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ಅವರು ಹೋಗದ ಊರು ಈ ಕಡೆ ಇರಲಿಲ್ಲ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಗಡಿ ದಾಟಿ ಮಿರಜ. ಬಸ್ಸಿನ ಕೂಡ ಮಾತಾಡುವ ಚಾಳಿ ಅವರದು. ಏರು ಹತ್ತುವಾಗ "ಬಾ ನಮ್ಮವ್ವ, ಬಾ" ಎಂದು ಕನ್ನಡದಲ್ಲಿ ರಮಿಸುವರು, ನಡುದಾರಿಯಲ್ಲಿ ಕೈಕೊಟ್ಟಿತೆಂದರೆ ಮರಾಠಿಯಲ್ಲಿ ಬೈಯುವರು. ಮುಗಳಖೋಡದ ಕಡೆಯಿಂದ ಬದನೆಕಾಯಿ ಚೀಲ ಹೊತ್ತ ಮುದುಕಿಯರು ಕೈ ಮಾಡಿದರೆ ಸ್ಟಾಪ್ ಇರಲಿ ಬಿಡಲಿ ಬ್ರೇಕು ಬೀಳುತ್ತಿತ್ತು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಒಂದು ದಿನ ಸೀರೆಯ ನಿರಿಗೆ ಕೈಯಲ್ಲಿ ಹಿಡಿದು ಓಡೋಡಿ ಬರುತ್ತಿದ್ದೆ. ಕಂಡಕ್ಟರ್ ಸೀಟಿ ಊದಿ ಆಗಿತ್ತು. ಕಾಕಾ ಇಂಜಿನ್ನನ್ನೇ ಬಂದ್ ಮಾಡಿ ಕೂತರು. "ಏ, ಬಾಯಾರ ಬರಾಕತ್ತಾರ ತಡಿ. ಅವರ ಸಾಲಿ ಹುಡುಗರಿಗೆ ನೀ ಹೋಗಿ ಕಲಸ್ತಿ ಏನು?" ಇಡೀ ಬಸ್ಸು ನಕ್ಕಿತು. ನಾನು ನಾಚಿಕೆಯಿಂದ ಹಿಂದಿನ ಸೀಟು ಸೇರಿದೆ, ಆದರೆ ಆ ಊರಿನಲ್ಲಿ ನನಗೊಬ್ಬರು ಇದ್ದಾರೆ ಎಂದು ಅನ್ನಿಸಿದ್ದು ಅವತ್ತೇ.

ಕೆಲವು ಬಸ್ಸು ಸಂಜೆ ಹೊರಟು, ಕೊನೆಯ ಹಳ್ಳಿಯಲ್ಲೇ ತಂಗಿ, ನಸುಕಿಗೆ ಅಲ್ಲಿಯ ಜನರನ್ನು ಹತ್ತಿಸಿಕೊಂಡು ಮರಳುತ್ತವೆ. ವಸ್ತಿ ಗಾಡಿ ಅನ್ನುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದ ಡ್ರೈವರುಗಳು ವಸ್ತಿ ಬೇಡವೆಂದಾಗಲೆಲ್ಲ ಕಾಕಾ, "ನನಗ ಕೊಡ್ರಿ, ನಮಗೇನ್ ಮಕ್ಕಳು ಮರಿ?" ಎಂದು ತಾವೇ ಹೊರಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೊಳೆದಂಡೆಯ ಜುಗೂಳದಲ್ಲಿ ಬಸ್ಸಿನ ಹಿಂದಿನ ಸೀಟಿನ ಮೇಲೆ ಮಲಗಿ ಏಳುವ ಕಾಕಾನನ್ನು ಓಣಿಯ ಗಂಡಸರು ಬಾಯಿ ತುಂಬ ಹೊಗಳುತ್ತಿದ್ದರು. ಚಿಕ್ಕೋಡಿಯ ಮನೆಯಲ್ಲಿ ಒಬ್ಬರೇ ಉಂಡು ಒಬ್ಬರೇ ಮಲಗುವ ಕಾಕೂನ ಮಾತು ಯಾರೂ ಎತ್ತುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೆರಡು ಸಲ ಕಾಕಾನ ಮುಖಕ್ಕೇ ಅಂದೆ. "ಅಕಿ ಏನೂ ಅನ್ನಾಂಗಿಲ್ರಿ ಬಾಯಾರ, ಭಾಳ ಸಮಾಧಾನಿ" ಅಂದರು. ಅನ್ನದೇ ಇರುವುದಕ್ಕೆಲ್ಲ ಸಮಾಧಾನ ಎಂದು ಹೆಸರಿಟ್ಟರೆ ಏನು ಮಾಡುವುದು!

ಕಾಕೂಗೆ ಬೇಕಾಗಿದ್ದದ್ದು ಒಂದೇ. ಈ ಮನುಷ್ಯ ಮನೆಯಲ್ಲಿ ಕೂರಬೇಕು, ತನ್ನ ಎದುರಿಗೆ. ಅದನ್ನು ಬಾಯಿ ಬಿಟ್ಟು ಕೇಳುವ ಜೀವ ಅದಲ್ಲ. ಕಾಕಾ ನಿವೃತ್ತರಾಗುವ ಹೊತ್ತಿಗೆ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ, ಕಟ್ಟೆಯ ಮೇಲಿನ ಆರಾಮ ಕುರ್ಚಿಗೆಂದು ಒಂದು ಪುಟ್ಟ ಕೌದಿ ಹೊಲಿದರು. ಬೆರಳಿಗೆ ಆಗಲೇ ನೋವು ಶುರುವಾಗಿತ್ತು, ಆದರೂ ಹೊಲಿದರು. "ಇನ್ನ ಮನ್ಯಾಗ ಇರ್ತಾರವಾ" ಅಂದರು ನನಗೆ, ದಾರ ಹಲ್ಲಿನಿಂದ ಕಡಿಯುತ್ತ. ಅವರ ಮುಖದ ಮೇಲೆ ಅಷ್ಟು ಬೆಳಕು ನಾನು ಮೊದಲು ನೋಡಿರಲಿಲ್ಲ.

ನಿವೃತ್ತಿಯ ಮರುದಿನ ಕಾಕಾ ಎಂದಿನಂತೆ ಎದ್ದರು, ಮಿಂದರು, ಇಸ್ತ್ರಿ ಅಂಗಿ ಹಾಕಿದರು, ಬಸ್‌ಸ್ಟ್ಯಾಂಡಿಗೆ ಹೋದರು! ಅಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಕೂತು, ಹೋಗುವ ಬರುವ ಗಾಡಿಗಳ ಸದ್ದು ಆಲಿಸಿ, "ಆ ಅಥಣಿ ಗಾಡಿ ಕ್ಲಚ್ಚು ಕೂಗಾಕತ್ತೈತಿ, ತೋರಸ್ಲೇ" ಎಂದು ಕಿರಿಯರಿಗೆ ಹೇಳುವುದು. ಮಧ್ಯಾಹ್ನ ಊಟಕ್ಕೆ ಬರುವುದು, ಬಾಗಿಲ ಕಡೆ ಒಂದು ಕಣ್ಣಿಟ್ಟು, ಕಂಡಕ್ಟರ್ ಈಗ ಸೀಟಿ ಊದಿಬಿಡುತ್ತಾನೆ ಎಂಬಂತೆ ಗಬಗಬ ಉಂಡು ಮತ್ತೆ ಎದ್ದು ಹೋಗುವುದು. ಕೌದಿಯ ಕುರ್ಚಿಯ ಮೇಲೆ ನಮ್ಮ ಮನೆಯ ಬೆಕ್ಕು ಮಲಗುತ್ತಿತ್ತು.

ಕಾಕೂನ ನೋವು ಸಂದಿವಾತವೆಂದು ಆಯಿತು. ಬೆರಳುಗಳು ಗಂಟುಕಟ್ಟಿ ಒಂದೇ ಕಡೆಗೆ ವಾಲಿದವು. ಮಿರಜಿನ ಡಾಕ್ಟರು ತಣ್ಣೀರಿನಲ್ಲಿ ಕೈ ಇಡಲೇಬೇಡಿ ಅಂದರು. ಕೆಲಸಕ್ಕೆ ಹಚ್ಚಿದ ಹೆಂಗಸು ನಾಲ್ಕು ದಿನ ಬಂದು ಬಿಟ್ಟಳು. ಕಾಕಾ ತಾವೇ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಭಾಂಡೆ ತಿಕ್ಕಿದರು. ಅದನ್ನು ಓಣಿಯವರು ನೋಡುತ್ತಾರೆಂದು ಕಾಕೂ ಕಣ್ಣೀರು ಹಾಕಿದರು. ಆಗ ಕಾಕಾ ಯಾರಿಗೂ ಹೇಳದೆ ಕೊಲ್ಹಾಪುರಕ್ಕೆ ಹೋಗಿ ಭಾಂಡೆ ತೊಳೆಯುವ ಮಿಷಿನ್ನನ್ನೇ ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ನಮ್ಮ ಓಣಿಯಲ್ಲಿ ಅದೇ ಮೊದಲನೆಯದು. ನಾವು ಹೆಂಗಸರೆಲ್ಲ ನೋಡಲು ಹೋದಾಗ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೊಸ ಗಾಡಿಗೆ ಕಟ್ಟುವಂತೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ತಾಟು, ವಾಟಗ, ಗಂಗಾಳ ಎಲ್ಲ ಎಲ್ಲೆಲ್ಲಿ ಇಡಬೇಕೆಂದು ಕಾಕೂಗೆ ತೋರಿಸುವಾಗ, "ಮುದುಕರು ಮುಂದ, ಚೀಲದವರು ಹಿಂದ, ನಿಂತವರು ಯಾರೂ ಇರಬಾರದು" ಅಂದರು.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಮುಂಜಾನೆಯ ಊಟವಾದ ಮೇಲೆ ಕಾಕಾ ಅದರ ಗುಂಡಿ ಒತ್ತಿ ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದರು. ಬೇಸಿಗೆ ರಜೆಯ ಒಂದು ದಿನ ನಾನು ಅಲ್ಲೇ ಇದ್ದೆ. ಕಾಕಾ ಚಪ್ಪಲಿ ಮೆಟ್ಟುತ್ತಿದ್ದರು. ಒಳಗಿಂದ ಕುಂಯ್ ಕುಂಯ್ ಎಂದು ಸದ್ದು. ಮಿಷಿನ್ನಿನ ಹಣೆಯ ಮೇಲೆ ನಳದ ಚಿತ್ರದ ಕೆಂಪು ದೀಪ ಹತ್ತಿತ್ತು.

"ಏನ್ರೀ, ಇದು ನೀರ ತಗೋವಲ್ದು ನೋಡ್ರಿ" ಎಂದು ಕಾಕೂ ಕರೆದರು.

ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದರು. ನಳ ಪೂರ್ತಿ ತೆರೆದಿದೆಯೇ ನೋಡಿದರು, ತೆರೆದಿತ್ತು. ಹಿಂದಿನ ಪೈಪು ಗೋಡೆಗೆ ಒತ್ತಿ ಮಡಚಿದೆಯೇ ನೋಡಿದರು, ಚೂರು ಮಡಚಿತ್ತು, ನೆಟ್ಟಗೆ ಮಾಡಿದರು. ಪೈಪು ಮಿಷಿನ್ನಿಗೆ ಕೂಡುವಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಅದನ್ನು ಹೊರಗೆಳೆದು ನೋಡಿದರೆ ಹೊಳೆಯ ಉಸುಕು ಹಿಡಿದಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಮತ್ತೆ ಕೂರಿಸಿದರು. ಅಷ್ಟರಲ್ಲಿ ಕಾಕೂ ಅರಿವೆ ಒಣಗಿದವೇನೋ ನೋಡುತ್ತೇನೆಂದು ಹಿತ್ತಲಿಗೆ ಹೋಗಿ ಬಂದರು. ಕಾಕಾ ಗುಂಡಿ ಒತ್ತಿದರು, ಮಿಷಿನ್ನು ಗಟಗಟ ನೀರು ತುಂಬಿಕೊಂಡಿತು. "ನೋಡಿದ್ರಿ? ಉಸುಕ ಹಿಡಿದಿತ್ತ ಗಂಟಲಾಗ" ಎಂದು ಕಾಕಾ ಮೀಸೆ ತಿರುವಿದರು. ಬಸ್‌ಸ್ಟ್ಯಾಂಡಿಗೆ ಹೋಗುವ ಹೊತ್ತು ಮೀರಿ ಹೋಗಿತ್ತು.

ಮರುದಿನ ಮತ್ತೆ ಅದೇ ಕೆಂಪು ದೀಪ. ಅವತ್ತು ಪೈಪು ಬಿಚ್ಚಿ ಬಾಯಿಂದ ಊದಿದರು. ಇನ್ನೊಂದು ದಿನ, ನೀರು ಏರಿದಂತೆ ಮೇಲೇಳುವ ತಳದ ಪ್ಲಾಸ್ಟಿಕ್ ಟೊಪ್ಪಿಗೆಗೆ ಅನ್ನದಗುಳು ಸಿಕ್ಕಿದೆ ಎಂದು ತೆಗೆದರು. ನೀರಿನ ಟಾಕಿಯ ಎತ್ತರ ಸಾಲದು, ನೀರಿಗೆ ಜೋರಿಲ್ಲ ಎಂದು ಮಾಳಿಗೆಯ ಮೇಲಿನ ಟಾಕಿಯ ಕೆಳಗೆ ಇಟ್ಟಿಗೆ ಕಟ್ಟಿಸಿದರು. ಪ್ರತಿ ಸಲವೂ ಏನೋ ಒಂದು ಮಾಡುವರು, ಪ್ರತಿ ಸಲವೂ ಮಿಷಿನ್ನು ಕೊನೆಗೆ ನೀರು ತುಂಬಿಕೊಳ್ಳುವುದು, ತಾವು ಮಾಡಿದ್ದೇ ಮದ್ದಾಯಿತೆಂದು ಕಾಕಾ ನಂಬುವರು. ಇವತ್ತಿನ ರೋಗ ನಾಳೆ ಇರುತ್ತಿರಲಿಲ್ಲ, ಬೇರೊಂದು ಬಂದಿರುತ್ತಿತ್ತು.

ನಿಪ್ಪಾಣಿಯಿಂದ ಮೆಕ್ಯಾನಿಕ್ ಬಂದ. ಪೈಪು ಬಿಚ್ಚಿ ಬಕೀಟಿಗೆ ಹಿಡಿದ, ಬಕೀಟು ಕ್ಷಣದಲ್ಲಿ ತುಂಬಿ ಚೆಲ್ಲಿತು. ಮಿಷಿನ್ನು ಹಚ್ಚಿ ನೋಡಿದ, ಒಂದೇ ಸಲಕ್ಕೆ ನೀರು ಎಳೆದುಕೊಂಡಿತು. "ಕಾಕಾ, ಮಿಷಿನ್ ಫಸ್ಟ್‌ಕ್ಲಾಸ್ ಐತ್ರಿ" ಎಂದು ಚಹಾ ಕುಡಿದು ಹೋದ. ಕಾಕೂ ಅವನಿಗೆ ಎರಡು ಸಲ ಚಹಾ ಕೊಟ್ಟರು. ಅವನು ಹೋದ ಮರುದಿನ ಮತ್ತೆ ಕುಂಯ್ ಕುಂಯ್.

ಆ ರಜೆಯಲ್ಲಿ ನನಗೆ ಹೊಸದೊಂದು ಸದ್ದು ಗೋಡೆಯಾಚೆಯಿಂದ ಕೇಳತೊಡಗಿತು. ಕಾಕೂ ನಗುವ ಸದ್ದು. ಕಾಕಾ ನೆಲದ ಮೇಲೆ ಮಿಷಿನ್ನಿನ ಎದುರು, ಕಾಕೂ ಪಕ್ಕದಲ್ಲಿ ಸಣ್ಣ ಸ್ಟೂಲಿನ ಮೇಲೆ. ಇವರು ಸ್ಕ್ರೂ ಬಿಚ್ಚುತ್ತ ಬಸ್ಸಿನ ಕತೆ ಹೇಳುವರು, ಅವರು ಸ್ಕ್ರೂಗಳನ್ನು ವಾಟಗದಲ್ಲಿ ಹಾಕಿಟ್ಟುಕೊಂಡು ಕೇಳುವರು. ಅಥಣಿಯಲ್ಲಿ ಮದುವೆಯ ಬೀಗರೆಲ್ಲ ತಪ್ಪಿ ಇವರ ಬಸ್ಸು ಹತ್ತಿ, ಬಾಜಾ ಬಜಂತ್ರಿ ಸಮೇತ ರಾಯಬಾಗಕ್ಕೆ ಬಂದಿಳಿದ ಕತೆಯನ್ನು ನಾನೇ ಗೋಡೆಯ ಈಚೆ ನಿಂತು ಪೂರ್ತಿ ಕೇಳಿದೆ. "ಅಯ್ಯ, ಮದಿಮಗಾ ಎಲ್ಲಿದ್ದ ಹಂಗಾರ?" ಎಂದು ಕಾಕೂ ಕೇಳುವರು. "ಅಂವಾ ಮಿರಜ ಗಾಡಿ ಹತ್ತಿದ್ದಾ!" ಎಂದು ಕಾಕಾ. ಇಷ್ಟು ವರ್ಷ ಸಂಸಾರ ಮಾಡಿದ ಆ ಹೆಂಗಸಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮನೆಗೆ ಬಂದಾಗಲೆಲ್ಲ ಆ ಮನುಷ್ಯ ದಣಿದು ಮಲಗುತ್ತಿದ್ದ, ಎದ್ದರೆ ಡ್ಯೂಟಿ.

ಶಾಲೆ ಶುರುವಾಯಿತು. ಒಂದು ಮುಂಜಾನೆ ಕಬ್ಬೂರ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಕಾಕಾ ಬಂದು ಪಕ್ಕದಲ್ಲಿ ನಿಂತರು. ಅಂಗಡಿಯಿಂದ ತಂದ ಹೊಸ ರಬ್ಬರ್ ವಾಶರ್ ಅಂಗೈಯಲ್ಲಿತ್ತು. ಮುಖ ನೋಡಿದರೆ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುವಂತಿರಲಿಲ್ಲ.

"ಏನ್ ಕಾಕಾ, ಮತ್ತ ನೀರ ತಗೋವಲ್ದೇನು?" ಅಂದೆ.

"ಮಿಷಿನ್ ಕೆಟ್ಟಿಲ್ಲರಿ ಬಾಯಾರ" ಅಂದರು. "ಕೆಟ್ಟೇ ಇಲ್ಲ ಅದು."

ಹಿಂದಿನ ದಿನ ಟಾಕಿ ನೋಡಲು ಮಾಳಿಗೆ ಹತ್ತಿದ್ದರಂತೆ. ಕೆಳಗೆ ಹಿತ್ತಲು ಕಾಣುತ್ತದೆ. ಅಡುಗೆಮನೆಗೆ ಹೋಗುವ ನೀರೂ ಹಿತ್ತಲ ನಳದ ನೀರೂ ಟಾಕಿಯಿಂದ ಬರುವುದು ಒಂದೇ ಪೈಪಿನಲ್ಲಿ. ಕಾಕೂ ಹಿತ್ತಲಿಗೆ ಬಂದರು. ನಳಕ್ಕೆ ಸಿಕ್ಕಿಸಿದ ರಬ್ಬರ್ ಪೈಪನ್ನು ಸದ್ದಾಗದಂತೆ ಕರಿಬೇವಿನ ಗಿಡದ ಬುಡಕ್ಕೆ ಇಟ್ಟರು. ಬೆರಳು ಮಡಚಲು ಬರುವುದಿಲ್ಲವಲ್ಲ, ಎರಡೂ ಅಂಗೈಗಳ ನಡುವೆ ಹಿಡಿದು ನಳ ತಿರುವಿ ಪೂರ್ತಿ ಬಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು, ಒಬ್ಬರೇ ನಕ್ಕು ಒಳಗೆ ಹೋದರು. ಅಷ್ಟು ನೀರು ಅತ್ತ ಹರಿದರೆ ಮಿಷಿನ್ನಿಗೆ ಎಲ್ಲಿಂದ ಬರಬೇಕು?

"ಬ್ಯಾಸಗ್ಯಾಗೂ ಕರಿಬೇವ ಹಂಗ್ಯಾಕ ಚಿಗತೈತಿ ಅಂತ ನನಗ ಹೊಳೀಲೇ ಇಲ್ಲ ನೋಡ್ರಿ. ಡ್ರೈವರ್ ಅಂತ, ಡ್ರೈವರ್! ಕೆಳಗಿಂದ ಕರದ್ಲು, ಏನ್ರೀ ನೀರ ತಗೋವಲ್ದು ಬರ್ರಿ ಅಂತ. ನಾ ಮ್ಯಾಲ ನಿಂತಾಂವ ನಿಂತಾಂಗ ನಿಂತೆ."

"ಮತ್ತ ಕಾಕೂಗ ಏನ್ ಅಂದ್ರಿ?" ಎಂದು ಕೇಳಿದೆ.

"ಏನ್ ಅನ್ಲಿ? ಹೋಗಬ್ಯಾಡ್ರಿ ಅಂತ ಅಕಿ ಒಂದ ದಿನಾ ಅಂದಾಕಿ ಅಲ್ಲ. ಅನ್ನಾಕ ಬರಾಂಗಿಲ್ಲ ಅಕಿಗೆ. ಅದಕ್ಕ ನಳಾ ಬಿಟ್ಲು." ವಾಶರನ್ನು ಬೆರಳಿಗೆ ಉಂಗುರದ ಹಾಗೆ ಹಾಕಿ ತೆಗೆದರು. "ಹೇಳಬ್ಯಾಡ್ರಿ ಬಾಯಾರ, ನಿಮ್ಮ ಕೈ ಮುಗಿತೀನಿ. ನನಗ ಗೊತ್ತಾಗೈತಿ ಅಂದ್ರ ನಾಚಿ ಸಾಯ್ತಾಳ. ನಳಾ ಬಂದ ಮಾಡ್ತಾಳ."

"ಅಲ್ರಿ ಕಾಕಾ, ನೀವ ಸೀದಾ ಮನ್ಯಾಗ ಕುಂಡ್ರಬಹುದಲ್ಲ?"

"ಸುಮ್ನ ಹೆಂಗ್ ಕುಂಡ್ರೂದ್ರಿ? ಅಕಿಗೂ ಕಸಿವಿಸಿ, ನನಗೂ ಕಸಿವಿಸಿ. ಎದುರುಬದುರು ಕುಂತ್ರ ಏನ್ ಮಾತಾಡೂದು ತಿಳಿಯಾಂಗಿಲ್ಲ. ಕೈಯಾಗ ಪಾನಾ ಇದ್ರ ಮಾತ ತಾವ ಬರ್ತಾವ."

ಬಸ್ಸು ಬಂತು. ಕಿಟಕಿಯಿಂದ ನೋಡಿದರೆ ಕಾಕಾ ಬೆಂಚಿನ ಮೇಲೆ ಕೂರಲಿಲ್ಲ. ಬಲಗೈ ಚಾಚಿ ಮನೆಯ ಕಡೆಗೆ ಹೊರಳಿದರು.

ಆ ಮೇಲಿನ ಆರೇಳು ತಿಂಗಳು ಅವರಿಬ್ಬರ ಬಾಳಿನಲ್ಲಿ ಬಂದ ಒಳ್ಳೆಯ ದಿನಗಳು ಎಂದು ನಾನು ಎದೆ ಮುಟ್ಟಿ ಹೇಳುತ್ತೇನೆ. ಕಾಕೂ ನಳ ಬಿಡುವರು, ಕಾಕಾ ಬೆರಗಾಗುವರು. "ಈ ತಾಯಿ ಇವತ್ತ ಯಾಕೋ ಮುನಿಸ್ಕೊಂಡಾಳ" ಎಂದು ಲುಂಗಿ ಎತ್ತಿ ಕಟ್ಟಿ ನೆಲಕ್ಕೆ ಕೂರುವರು. ಅವರ ಮೊಳಕಾಲಿನಲ್ಲಿ ಶಕ್ತಿಯಿರಲಿಲ್ಲ, ಇಡೀ ಸರ್ವಿಸ್ಸು ಕ್ಲಚ್ಚು ತುಳಿದ ಕಾಲು. ಕೂರುವಾಗ ಗೋಡೆ ಹಿಡಿಯುವರು, ಏಳುವಾಗ ಕಾಕೂ ಮೊಣಕೈ ಕೊಡುವರು. ಬಿಚ್ಚಬೇಕಾದ ಸ್ಕ್ರೂ ಇಲ್ಲದಿದ್ದರೂ ಬಿಚ್ಚುವರು, ಹಾಕಿದ್ದನ್ನೇ ಮತ್ತೆ ಹಾಕುವರು. ಕತೆ ಮುಗಿಯುವ ಹೊತ್ತಿಗೆ ಕಾಕೂ ಅರಿವೆಯ ನೆಪ ಹೇಳಿ ಹಿತ್ತಲಿಗೆ ಹೋಗಿ ಬಂದು, "ಈಗ ನೋಡ್ರಿ ಒಮ್ಮೆ" ಅನ್ನುವರು. ಬಸ್‌ಸ್ಟ್ಯಾಂಡಿನ ಗೆಳೆಯರು ರಸ್ತೆಯಲ್ಲಿ ಸಿಕ್ಕು, "ಏನಪಾ, ಹೆಣ್ತಿ ಕಟ್ಟಿ ಹಾಕ್ಯಾಳೇನು?" ಎಂದು ಕಿಚಾಯಿಸಿದರೆ, "ಮಿಷಿನ್ ಕೆಟ್ಟೈತಿ ಮಾರಾಯಾ" ಎಂದು ಮುಖ ಸಪ್ಪಗೆ ಮಾಡುವರು. ಹೊರಗಿನವರಲ್ಲಿ ಎರಡೂ ಕಡೆಯ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ. ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು, ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿ, ನಗು ನುಂಗಿಕೊಂಡು ಚಹಾ ಕುಡಿಯುತ್ತಿದ್ದೆ. ನನ್ನ ಗಂಡನಿಗೂ ಹೇಳಲಿಲ್ಲ.

ಕಬ್ಬಿನ ಹಂಗಾಮು ನಡೆದಿತ್ತು. ಅದೂ ಭಾನುವಾರವೇ. ಅವತ್ತು ಕಾಕಾ, ಹಿಂದುಗಡೆಯ ಪೈಪು ನೋಡಬೇಕು ಎಂದು ಮಿಷಿನ್ನನ್ನು ಗೋಡೆಯಿಂದ ಒಬ್ಬರೇ ಮುಂದಕ್ಕೆ ಎಳೆದಿದ್ದಾರೆ. ಎಳೆದವರು ಅಲ್ಲೇ ಗೋಡೆಗೆ ಒರಗಿ, "ಯಾಕೋ ಬೆವರ ಬರಾಕತ್ತೈತಿ" ಅಂದಿದ್ದಾರೆ. ಕಾಕೂ ಚೀರಿದ್ದು ಕೇಳಿ ನಾನು ಓಡಿದೆ. ಎದೆಯ ಮೇಲೆ ಅಂಗೈ ಒತ್ತಿ ಹಿಡಿದಿದ್ದರು, ಪಾನಾ ಇನ್ನೊಂದು ಕೈಯಲ್ಲೇ ಇತ್ತು. ಎದೆಗೆ ಮೊದಲಿನಿಂದಲೂ ಗುಳಿಗೆ ನಡೆದಿತ್ತು. ಅಂಬ್ಯುಲೆನ್ಸಿನಲ್ಲಿ ಮಿರಜಿಗೆ ಹೊರಟೆವು, ಹಿಂದೆ ನಾನು ಮತ್ತು ಕಾಕೂ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ನಮ್ಮ ಡ್ರೈವರ್ ಹಾರ್ನು ಹೊಡೆಯುತ್ತ ಒಂದೊಂದನ್ನೇ ಹಿಂದೆ ಹಾಕುತ್ತಿದ್ದ. ಮಲಗಿದ್ದ ಕಾಕಾ ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದರು. ಆ ಕೈಯನ್ನು ಕಾಕೂ ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡರು. ಹೊಳೆಯ ಸೇತುವೆ ದಾಟಿದೆವು. ಕಾಗವಾಡ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ದಿನಕರ್ಮ ಆಯಿತು, ಬಂದವರು ಹೋದರು. ಅಡುಗೆಮನೆಯಲ್ಲಿ ಮಿಷಿನ್ನು ಗೋಡೆಯಿಂದ ಮುಂದೆ ಬಂದು ಅಡ್ಡಡ್ಡ ನಿಂತೇ ಇತ್ತು. ಅದನ್ನು ಸರಿಸಲು ಕಾಕೂ ಯಾರಿಗೂ ಬಿಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ಓಣಿಯವರು ದುಃಖ ಅಂದರು. ದುಃಖ ನಾನೂ ನೋಡಿದ್ದೇನೆ. ಇದರಲ್ಲಿ ಬೇರೆ ಏನೋ ಸೇರಿಕೊಂಡಿತ್ತು. ಯಾರ ಕಣ್ಣಿಗೂ ಕಣ್ಣು ಕೂಡಿಸುತ್ತಿರಲಿಲ್ಲ ಅವರು.

ಒಂದು ಮಧ್ಯಾಹ್ನ ರೊಟ್ಟಿ, ಪಲ್ಯ ಒಯ್ದು ಪಕ್ಕದಲ್ಲಿ ಕೂತೆ. ಒಂದು ತುತ್ತಾದರೂ ತಿನ್ನಲೇಬೇಕು ಎಂದು ಜಬರಿಸಿದೆ. ಆಗ ಅವರು ತಾಟು ಸರಿಸಿ, ನೆಲ ನೋಡುತ್ತ ಅಂದರು:

"ಅವರನ್ನ ನಾನ ಕೊಂದೆ."

"ಏನ್ ಮಾತ್ರಿ ಕಾಕೂ ಇದು?"

"ಮಿಷಿನ್ ಕೆಟ್ಟಿರಲಿಲ್ಲವಾ. ಹಿತ್ತಲದಾಗ ನಾನ ನಳಾ ಬಿಡತಿದ್ದೆ. ಅವರು ಹೊರಗ ಹೋಗಬಾರದು ಅಂತ. ದಿನಾ ಮೋಸ ಮಾಡೀನಿ. ಅವರು ಖರೆ ಅಂತ ತಿಳದು, ಕಾಲ ನೋವಾದ್ರೂ ನೆಲಕ್ಕ ಕುಂತು, ಅಂಥಾ ಭಾರದ್ದು ಎಳದು... ನನ್ನ ಗಂಡ ನನ್ನ ಸುಳ್ಳಿಗೆ ಸತ್ತ. ಇದನ್ನ ಯಾರ ಮುಂದ ಹೇಳ್ಲಿ? ದೇವರ ಮುಂದ ದೀಪಾ ಹಚ್ಚಾಕೂ ಕೈ ಬರವಲ್ದು."

ಎದೆ ಮೊದಲೇ ಕೆಟ್ಟಿತ್ತು, ಗುಳಿಗೆ ನಡೆದಿತ್ತು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅವರಿಗೆ ನನ್ನ ಮಾತು ಕೇಳಿಸಲೇ ಇಲ್ಲ. ತಲೆ ಅಲ್ಲಾಡಿಸುತ್ತಲೇ ಇದ್ದರು. ನನಗೆ ಕಾಕಾ ಕೈ ಮುಗಿದದ್ದು ಕಣ್ಣ ಮುಂದೆ ಬಂತು. ಹೇಳಬೇಡಿ ಅಂದಿದ್ದರು. ಗೊತ್ತಾದರೆ ನಾಚಿ ನಳ ಬಂದ್ ಮಾಡುತ್ತಾಳೆ ಎಂಬ ಅಂಜಿಕೆ ಅವರಿಗೆ. ಈಗ ನಳ ಬಿಟ್ಟರೇನು, ಬಂದ್ ಮಾಡಿದರೇನು? ಸತ್ತವರಿಗೆ ಕೊಟ್ಟ ಮಾತು ದೊಡ್ಡದಿರಬಹುದು. ನನ್ನ ಕಣ್ಣ ಮುಂದೆ ಬದುಕಿದ್ದ ಜೀವವೊಂದು ಬೆಂದು ಹೋಗುತ್ತಿತ್ತು.

"ಕಾಕೂ, ಇಲ್ಲಿ ನೋಡ್ರಿ" ಅಂದೆ. "ನೀವ ಮೋಸ ಮಾಡಿಲ್ಲ. ಅವರಿಗೆ ಗೊತ್ತಿತ್ತು."

ತಲೆ ಎತ್ತಿದರು.

"ಮಳಿಗಾಲದಾಗನ ಗೊತ್ತಾಗಿತ್ರಿ. ಮಾಳಿಗಿ ಮ್ಯಾಲಿಂದ ನೋಡಿದ್ರು, ನೀವ ನಳಾ ಬಿಡೂದನ್ನ. ನನ್ನ ಮುಂದ ಹೇಳಿದ್ರು. ಬಸ್‌ಸ್ಟ್ಯಾಂಡ್ ಬಿಟ್ಟದ್ದ ಅವತ್ತಿಂದ. ಅವರು ಮಿಷಿನ್ ಸಲುವಾಗಿ ಕುಂತಿರಲಿಲ್ಲ, ನಿಮ್ಮ ಸಲುವಾಗಿ ಕುಂತಿದ್ರು."

ಇದನ್ನು ಕೇಳಿದರೆ ಅವರ ಎದೆ ಹಗುರಾಗುತ್ತದೆ ಎಂದು ನಾನು ತಿಳಿದಿದ್ದೆ. ಕಾಕೂ ನನ್ನ ಕಣ್ಣಿಗೆ ಕಣ್ಣು ಕೂಡಿಸಿದರು. ಅಷ್ಟು ದಿನ ಹನಿ ಬಾರದ ಕಣ್ಣಿನಿಂದ ನೀರು ಇಳಿಯತೊಡಗಿತು.

"ಗೊತ್ತಿತ್ತ ಅವರಿಗೆ?"

"ಹೂಂ ರಿ."

"ಗೊತ್ತಿದ್ದೂ ದಿನಾ ಆ ಕಾಲ ಮಡಚಿ ನೆಲಕ್ಕ ಕುಂತ್ರ?"

"ಹೂಂ."

ಅವರು ಸೆರಗಿನಿಂದ ಮುಖ ಒರೆಸಿಕೊಳ್ಳಲು ನೋಡಿದರು, ಬೆರಳಿಗೆ ಸೆರಗು ಸಿಗಲಿಲ್ಲ. ನಾನೇ ಒರೆಸಿದೆ.

"ಒಂದ ಮಾತ ಹೇಳಬೇಕಿತ್ತಲ್ಲವಾ ಅವರು" ಅಂದರು. "ನಾನಾದ್ರೂ ಹೇಳಬೇಕಿತ್ತು. ನಳಾ ಬಂದ ಮಾಡಿ ಬರತಿದ್ದೆ. ಮಿಷಿನ್ ತನ್ನ ಪಾಡಿಗೆ ತಾ ತಿರಗತಿತ್ತು. ನಾವಿಬ್ರೂ ಹೊರಗ ಕಟ್ಟಿ ಮ್ಯಾಲ, ಸುಮ್ನ ಕುಂಡ್ರತಿದ್ವಿ."